ನನ್ನ ಶ್ವಾಸಕೋಶ ಮತ್ತು ಪಾರಿವಾಳಗಳ ನಡುವಿನ ವ್ಯಾಜ್ಯ

ನಾನು ಸಿಳ್ಳೆ ಹಾಕುವುದನ್ನು ಕಲಿತದ್ದು ನಲವತ್ತು ದಾಟಿದ ಮೇಲೆ, ಭದ್ರಾವತಿಯಲ್ಲಿ, ಸರ್ಕಾರಿ ನೌಕರಿಯಲ್ಲಿರುವಾಗ. ಗೌರವಸ್ಥರು ಆ ವಯಸ್ಸಿನಲ್ಲಿ ಭಜನೆ ಕಲಿಯುತ್ತಾರೆ. ನನಗೆ ಒದಗಿದ್ದು ಸಿಳ್ಳೆ.

ತೊಂಬತ್ತರ ದಶಕದಲ್ಲಿ ನಾನು ಭದ್ರಾವತಿಯ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದೆ. ತೀರ್ಪು ಕೊಡುವುದು ನ್ಯಾಯಾಧೀಶರು. ಆ ತೀರ್ಪು ಯಾವ ಕಪಾಟಿನ ಯಾವ ಮೂಲೆಯಲ್ಲಿದೆ ಎಂಬುದನ್ನು ಬಲ್ಲವನು ಶಿರಸ್ತೇದಾರ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಸಂಜೆ ನಾನು ಬಸ್ಸಿಗೆ ಕಾಯುತ್ತಿದ್ದ ಜಾಗದ ಎದುರಿಗೆ ಒಂದು ಸ್ಕೂಟರ್ ರಿಪೇರಿ ಅಂಗಡಿ. ಕಾರ್ಖಾನೆಯ ಸೈರನ್ ಆದ ಕೂಡಲೇ ಅದರ ಮಾಲೀಕ ಕೈಯ ಗ್ರೀಸು ಒರೆಸಿಕೊಂಡು, ಗಿರಾಕಿಯ ಸ್ಕೂಟರನ್ನು ಹೊಟ್ಟೆ ಬಿಚ್ಚಿದ ಸ್ಥಿತಿಯಲ್ಲೇ ಬಿಟ್ಟು, ಮಾಳಿಗೆ ಹತ್ತುತ್ತಿದ್ದ. ಗೂಡಿನ ಬಾಗಿಲು ತೆಗೆದರೆ ಪಾರಿವಾಳಗಳು ಭರ್ರೆಂದು ಎದ್ದು ಭದ್ರಾ ನದಿಯ ಕಡೆಗೆ ಒಂದು ಸುತ್ತು, ಚಿಮಣಿಯ ಕಡೆಗೆ ಒಂದು ಸುತ್ತು. ಆಮೇಲೆ ಈತ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಇಡೀ ಹಿಂಡು ಮಡಚಿದ ಪಂಚೆಯ ಹಾಗೆ ಸರಕ್ಕನೆ ಇಳಿದು ಬರುತ್ತಿತ್ತು.

ನಾನು ಜೀವಮಾನವೆಲ್ಲ ಸಮನ್ಸ್ ಕಳಿಸಿದವನು. ಕರೆದ ಕೂಡಲೇ ಹಾಜರಾದ ಪ್ರತಿವಾದಿಯನ್ನು ನೋಡಿದವನಲ್ಲ. ಇಲ್ಲಿ ಒಂದು ಸಿಳ್ಳೆಗೆ ಎಲ್ಲರೂ ಹಾಜರು! ಅಂದಿನಿಂದ ನಾನು ಬಸ್ಸು ತಪ್ಪಿಸಿಕೊಳ್ಳತೊಡಗಿದೆ.

ಪಾರಿವಾಳ ಹಾರಿಸುವವರಲ್ಲಿ ಕಲಿಸಿದವನನ್ನು ಉಸ್ತಾದ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಆತ ನನ್ನನ್ನು "ಸಾಹೇಬ್ರೆ" ಎನ್ನುತ್ತಿದ್ದ. ಆದರೆ ಪಾಠದ ಹೊತ್ತಿನಲ್ಲಿ ಆ ಮರ್ಯಾದೆ ಇರುತ್ತಿರಲಿಲ್ಲ.

"ಊದಬ್ಯಾಡಿ ಸಾಹೇಬ್ರೆ, ಅದು ಸಿಳ್ಳೆ ಅಲ್ಲ, ಒಲೆ ಊದೋದು."

"ಮತ್ತೇನು ಮಾಡಲಿ ಮಾರಾಯ?"

"ನಾಲಿಗೆ ಮಡಚಿ. ಗಾಳಿ ಸಣ್ಣ ಸಂದಿಯಾಗೆ ಬರಬೇಕು. ದೊಡ್ಡ ಬಾಗ್ಲಾಗೆ ಬಂದ್ರೆ ಅವಾಜ್ ಬರಲ್ಲ."

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನನಗೆ ಸಿಳ್ಳೆ ಬಂತು. ಉಸ್ತಾದ್ ಖುಷಿಯಾಗಿ ಎರಡು ಜೋಡಿ ಹಕ್ಕಿ ಕೊಟ್ಟ. ಅವನ್ನು ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ, ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಟವೆಲ್ ಎತ್ತಿ ನೋಡಿ, "ಇವಕ್ಕೆ ಟಿಕೆಟ್ ಯಾಕೆ ಸಾರ್, ಬಿಟ್ರೆ ನಮಗಿಂತ ಮೊದ್ಲು ಹೋಗ್ತವೆ" ಎಂದ. ಆ ಮಾತಿನಲ್ಲಿ ಎಷ್ಟು ನಿಜವಿತ್ತೆಂಬುದು ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಬುಟ್ಟಿಯನ್ನು ನೋಡಿದಳು. "ತರಕಾರಿ ತನ್ನಿ ಅಂದಿದ್ದೆ."

"ಇವೂ ಸಸ್ಯಾಹಾರಿಗಳೇ" ಎಂದೆ.

ನಮ್ಮದು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡೇ ಕಾಫಿ ಕುಡಿಯುವ ಮನೆ. ಮಹಡಿಯ ಮೇಲೆ ತಗಡಿನ ಮಾಡು ಹಾಕಿಸಿ, ಹಳೆಯ ಬಟ್ಟೆ ಬೀರುವಿಗೆ ಜಾಲರಿ ಹೊಡೆಸಿ ಗೂಡು ಮಾಡಿದೆ. ಎರಡು ಜೋಡಿ ನಾಲ್ಕಾಯಿತು, ಆಮೇಲೆ ಎಣಿಸುವುದನ್ನು ಬಿಟ್ಟೆ. ಸಂಜೆ ನಾನು ಸಿಳ್ಳೆ ಹಾಕಿದರೆ ಪಕ್ಕದ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುವ ಮಟ್ಟಕ್ಕೆ ನಾನು ಸಾರ್ವಜನಿಕ ವ್ಯಕ್ತಿಯಾದೆ. ಗೂಡು ಚೊಕ್ಕಟ ಮಾಡುವ ಕೆಲಸವನ್ನು ಯಾರಿಗೂ ಬಿಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಲುಂಗಿ ಮೇಲೆ ಕಟ್ಟಿ, ಒಣಗಿದ ಹಿಕ್ಕೆಯನ್ನು ಕೆರೆದು, ಪೊರಕೆಯಿಂದ ಗುಡಿಸಿದರೆ ಬಿಸಿಲಿನಲ್ಲಿ ಬಿಳಿ ಧೂಳು ಹೊಗೆಯಂತೆ ಏಳುತ್ತಿತ್ತು. ಆ ಹೊಗೆಯಲ್ಲಿ ನಿಂತು ನಾನು ಪರಮ ತೃಪ್ತನಾಗಿದ್ದೆ. ಹತ್ತು ವರ್ಷ ಹೀಗೆ ನಡೆಯಿತು.

ಕೆಮ್ಮು ಯಾವಾಗ ಸೇರಿಕೊಂಡಿತೋ ನೆನಪಿಲ್ಲ. ಕಫವಿಲ್ಲದ ಒಣ ಕೆಮ್ಮು. ಕೋರ್ಟಿನ ಹಳೇ ಫೈಲುಗಳ ಧೂಳಿನ ಮೇಲೆ ಆರೋಪ ಹೊರಿಸಿದೆ. ಅಷ್ಟರಲ್ಲಿ ನನಗೆ ಶಿವಮೊಗ್ಗಕ್ಕೇ ವರ್ಗವಾಗಿತ್ತು. ಫೈಲುಗಳು ಅಲ್ಲೂ ಇದ್ದವು. ಭಾನುವಾರ ಸಂಜೆ ಮೈ ಬೆಚ್ಚಗಾಗಿ ಚಳಿ ಬರುತ್ತಿತ್ತು. ಅದು ಸೋಮವಾರದ ಕಚೇರಿಯ ಭಯವೆಂದು ಹೆಂಡತಿ ತೀರ್ಮಾನಿಸಿದಳು. ಸರ್ಕಾರಿ ನೌಕರರಲ್ಲಿ ಇದು ಸಾಮಾನ್ಯವಾದ್ದರಿಂದ ನಾನೂ ಒಪ್ಪಿದೆ.

ಆಮೇಲೆ ಏದುಸಿರು. ಕುಳಿತಿದ್ದರೆ ನಾನು ಆರೋಗ್ಯವಂತ, ಎದ್ದರೆ ರೋಗಿ. ಆಲ್ಕೊಳ ಸರ್ಕಲ್ಲಿನ ತನಕ ವಾಕಿಂಗ್ ಹೋಗುತ್ತಿದ್ದವನು ಅರ್ಧ ದಾರಿಯಲ್ಲೇ ನಿಲ್ಲತೊಡಗಿದೆ. ನಿಂತರೆ ಜನ ಕೇಳುತ್ತಾರೆ. ಅದಕ್ಕೊಂದು ಉಪಾಯ ಕಂಡುಕೊಂಡೆ: ಅಂಗಡಿ ಬೋರ್ಡುಗಳನ್ನು ಓದುವುದು. ಕೈ ಹಿಂದೆ ಕಟ್ಟಿಕೊಂಡು, ಹುಬ್ಬು ಗಂಟಿಕ್ಕಿ, ಹಲ್ಲಿನ ಕ್ಲಿನಿಕ್ಕಿನ ಬೋರ್ಡನ್ನು ಶಾಸನ ಓದುವವನ ಹಾಗೆ ಓದುತ್ತಿದ್ದೆ. ಉಸಿರು ಹದಕ್ಕೆ ಬರುವ ತನಕ ಓದು, ಬಂದ ಮೇಲೆ ನಡಿಗೆ. ಹೀಗೆ ವಿನೋಬನಗರದ ಸಮಸ್ತ ಬೋರ್ಡುಗಳ ಕಾಗುಣಿತ ದೋಷಗಳು ನನಗೆ ಕಂಠಪಾಠವಾದವು. ಹೆಂಡತಿ ಮಾತ್ರ ನಾಲ್ಕು ಮಾರು ಮುಂದೆ ಹೋಗಿ ತಿರುಗಿ, "ನಿನ್ನೆಯೂ ಇದನ್ನೇ ಓದಿದ್ರಲ್ರೀ?" ಎನ್ನುತ್ತಿದ್ದಳು.

ನಡುವೆ ಒಂದು ಮದುವೆಗೆಂದು ಹುಬ್ಬಳ್ಳಿಗೆ ಹೋಗಿ ವಾರಕ್ಕೂ ಮೇಲೆ ಉಳಿದೆವು. ಅಲ್ಲಿ ಕೆಮ್ಮು ತಗ್ಗಿತು, ಎರಡು ಅಂತಸ್ತಿನ ಛತ್ರವನ್ನು ಹತ್ತಿ ಇಳಿದೆ. ನಮ್ಮ ಕುಟುಂಬ ಸಭೆ ಸೇರಿ ಇದು ಜೋಳದ ರೊಟ್ಟಿಯ ಮಹಿಮೆಯೆಂದು ಸರ್ವಾನುಮತದಿಂದ ನಿರ್ಣಯಿಸಿತು. ಶಿವಮೊಗ್ಗಕ್ಕೆ ಬಂದ ಮೇಲೆ ನನ್ನ ಹೆಂಡತಿ ಮುದ್ದೆ, ಅನ್ನ ಎರಡನ್ನೂ ಅಮಾನತುಗೊಳಿಸಿ ರೊಟ್ಟಿ ತಟ್ಟಿದಳು. ರೊಟ್ಟಿ ತಿನ್ನುತ್ತಲೇ ನಾನು ಮತ್ತೆ ಕೆಮ್ಮಿದೆ. "ಹುಬ್ಬಳ್ಳಿ ಜೋಳಾನೇ ಬೇಕೇನೋ" ಎಂದಳು.

ಇಷ್ಟೆಲ್ಲ ತಡೆದುಕೊಂಡೆ. ಒಂದು ಸಂಜೆ ಮಾತ್ರ ತಡೆಯಲಾಗಲಿಲ್ಲ. ಹಕ್ಕಿಗಳನ್ನು ಬಿಟ್ಟು, ಎರಡು ಸುತ್ತು ಆಗುವುದನ್ನು ನೋಡಿ, ಬೆರಳು ಬಾಯಿಗಿಟ್ಟೆ. ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದೆ. ಒಲೆ ಊದಿದ ಹಾಗೆ ಫುಸ್ ಎಂದಿತು, ಜೊತೆಗೆ ಕೆಮ್ಮು. ಮೇಲೆ ಹಿಂಡು ಸುತ್ತುತ್ತಲೇ ಇತ್ತು, ಅಪ್ಪಣೆಗೆ ಕಾಯುವ ಹಾಗೆ. ಕೊನೆಗೆ ಹೆಂಡತಿ ಅಡಿಗೆಮನೆಯಿಂದ ಕಾಳಿನ ಡಬ್ಬ ತಂದು ಗಲಗಲ ಅಲ್ಲಾಡಿಸಿದಳು. ಹೊಟ್ಟೆಪಾಡಿನ ಸದ್ದಿಗೆ ಅವು ಇಳಿದವು. ಅವಳು ಡಬ್ಬವನ್ನು ನನ್ನ ಪಕ್ಕದಲ್ಲಿಟ್ಟು ಕೆಳಗೆ ಹೋದಳು.

ಸುದ್ದಿ ಕೇಳಿ ಉಸ್ತಾದ್ ಭದ್ರಾವತಿಯಿಂದ ಬಂದ. ನನ್ನನ್ನು ಮೆಟ್ಟಿಲು ಹತ್ತಿಸಿ, ಮೇಲೆ ಬಂದವನ ಏದುಸಿರನ್ನು ತಲೆ ವಾರೆ ಮಾಡಿ ಆಲಿಸಿದ, ಇಂಜಿನ್ನಿನ ಸದ್ದು ಕೇಳುವವರ ಹಾಗೆ.

"ಇದಕ್ಕೆ ದವಾ ನಿಮ್ಮ ಮನೇಲೇ ಐತಲ್ಲ ಸಾಹೇಬ್ರೆ! ಕಬೂತರ್ ರೆಕ್ಕೆ ಗಾಳಿ. ಗೂಡಿನ ಹತ್ರ ಮಂಚ ಹಾಕಿ. ಲಕ್ವಾ ಹೊಡೆದೋರ್ನೇ ಎಬ್ಬಿಸ್ತದೆ, ದಮ್ಮು ಯಾವ ಲೆಕ್ಕ?"

ಇದು ಉಸ್ತಾದನೊಬ್ಬನ ಮಾತಲ್ಲ. ನಮ್ಮ ಕಡೆ ಪಾರಿವಾಳದ ರೆಕ್ಕೆಯ ಗಾಳಿ ರೋಗಿಗೆ ಒಳ್ಳೆಯದೆಂದು ಹಿಂದೂ ಮುಸಲ್ಮಾನರೆಲ್ಲ ನಂಬುತ್ತಾರೆ. ಲಕ್ವಾ ಆದವರ ಮಂಚದ ಬಳಿ ಗೂಡು ಇಡುವುದನ್ನು ನಾನೇ ಕಂಡಿದ್ದೆ. ಪದವೀಧರನಾದ ನನಗೂ ಇದು ಬಹಳ ವೈಜ್ಞಾನಿಕವಾಗಿ ಕಂಡಿತು. ಗಾಳಿಯ ರೋಗಕ್ಕೆ ಗಾಳಿಯ ಮದ್ದು. ಮರುದಿನವೇ ಹಗ್ಗದ ಮಂಚವೊಂದನ್ನು ಮಹಡಿಗೆ ಸಾಗಿಸಿ, ಗೂಡಿನ ಜಾಲರಿಗೆ ಮೂಗು ತಾಗುವಷ್ಟು ಹತ್ತಿರ ಹಾಕಿಸಿ, ಮಧ್ಯಾಹ್ನದ ನಿದ್ದೆಯನ್ನು ಅಲ್ಲಿಗೆ ವರ್ಗಾಯಿಸಿದೆ. ಹಕ್ಕಿಗಳು ರೆಕ್ಕೆ ಬಡಿದಾಗಲೆಲ್ಲ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದೆ. ಒಂದು ಡೋಸೂ ತಪ್ಪಿಸಲಿಲ್ಲ. ನಿವೃತ್ತಿ ಹತ್ತಿರವಾಗಿ ರಜೆಗಳೆಲ್ಲ ಉಳಿದಿದ್ದವು. ಎಲ್ಲವನ್ನೂ ಈ ಚಿಕಿತ್ಸೆಗೇ ಬಳಸಿದೆ.

ಫಲಿತಾಂಶವಾಗಿ ನಾನು ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗಲೂ ಏದುಸಿರು ಬಿಡತೊಡಗಿದೆ. ಆಗ ಹೆಂಡತಿ ಆಟೋ ಕರೆಸಿದಳು.

ಎದೆರೋಗದ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ಕೊಳವೆಯೊಳಗೆ ಊದಿಸಿದರು. ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ ಉದ್ದನೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಯಿರಿ ಎಂದರು. ಅಲ್ಲಿ ಬೋರ್ಡುಗಳೇ ಇರಲಿಲ್ಲ. 'ನಿಶ್ಶಬ್ದ' ಎಂದು ಬರೆದ ಒಂದೇ ಒಂದು ಹಲಗೆ ಇತ್ತು. ಅದನ್ನೇ ಮೂರು ಸಲ ಓದಿದೆ. ನಡೆಸುತ್ತಿದ್ದ ಸಿಸ್ಟರ್, "ಅಂಕಲ್, ಸುಸ್ತಾದ್ರೆ ಸುಸ್ತು ಅನ್ನಿ, ಬೋರ್ಡ್ ಯಾಕೆ ನೋಡ್ತೀರಾ?" ಎಂದಳು. ಇಷ್ಟು ವರ್ಷದ ನನ್ನ ಗುಟ್ಟು ಅಲ್ಲಿಗೆ ರಟ್ಟಾಯಿತು.

ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಕೇಳಿದರು: "ಮನೇಲಿ ಏನಾದ್ರೂ ಸಾಕಿದ್ದೀರಾ ಸಾರ್?"

"ಇಬ್ಬರು ಮಕ್ಕಳು. ಒಬ್ಬಳಿಗೆ ಮದುವೆಯಾಗಿದೆ."

"ಹಕ್ಕಿ ಗಿಕ್ಕಿ?"

ನಾನು ಉತ್ಸಾಹದಿಂದ ಪಾರಿವಾಳಗಳ ವಿಷಯವನ್ನೂ, ರೆಕ್ಕೆಗಾಳಿ ಚಿಕಿತ್ಸೆಯನ್ನೂ, ಮಂಚ ಹಾಕಿದ ಕೋನವನ್ನೂ ವಿವರಿಸಿದೆ. ಬರೆಯುತ್ತಿದ್ದ ಅವರ ಪೆನ್ನು ನಿಂತಿತು. ಹೆಂಡತಿಯ ಕಡೆ ನೋಡಿದರು. ಅವಳು ಕತ್ತು ಆಡಿಸಿದಳು: ಹೌದು, ಎಲ್ಲಾ ನಿಜ.

ಆಮೇಲೆ ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಪಾರಿವಾಳದ ಹಿಕ್ಕೆ, ರೆಕ್ಕೆಯ ಹುಡಿ ಕೆಲವರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಒಳಗೆ ಉರಿಯೂತವಾಗಿ ಕಲೆ ಕಟ್ಟುತ್ತದೆ. ದೊಡ್ಡ ನಾಳಗಳು ಚೆನ್ನಾಗೇ ಇರುತ್ತವೆ. ಕೊನೆಯ ಸಣ್ಣ ಸಣ್ಣ ನಾಳಗಳು ಊದಿಕೊಂಡು ಇಕ್ಕಟ್ಟಾಗುತ್ತವೆ. "ಗಾಂಧಿ ಬಜಾರ್ ಗೊತ್ತಲ್ಲ ಸಾರ್? ಮೇನ್ ರೋಡು ಖಾಲಿ. ಅಡ್ಡ ಕೇರಿ ತುಂಬ ಗಾಡಿ ನಿಂತುಬಿಟ್ಟಿವೆ. ಹಳೇ ಗಾಳಿ ಹೊರಗೆ ಬರೋದ್ರೊಳಗೆ ನೀವು ಹೊಸ ಗಾಳಿ ನುಗ್ಗಿಸ್ತೀರಿ. ಕೂತಾಗ ಹೇಗೋ ನಡೆಯುತ್ತೆ. ನಡೆಯೋಕೆ ಹೊರಟ್ರೆ ಒಳಗೆ ಜಾಗಾನೇ ಇಲ್ಲ."

"ಹಾಗಾದರೆ ಸಿಳ್ಳೆ?"

"ಸಿಳ್ಳೆಗೆ ಗಾಳಿ ಹೊರಗೆ ಬರಬೇಕಲ್ಲ ಸಾರ್."

ಹುಬ್ಬಳ್ಳಿಯ ರೊಟ್ಟಿಯ ಮಹಿಮೆಯೂ ಆಗ ಬಯಲಾಯಿತು: ಅಲ್ಲಿ ಪಾರಿವಾಳವಿರಲಿಲ್ಲ, ಅಷ್ಟೆ.

"ಮಾತ್ರೆ ಕೊಡ್ತೀನಿ. ಆದ್ರೆ ಹಕ್ಕಿ ಮನೇಲಿದ್ರೆ ನನ್ನ ಮಾತ್ರೆ ದಂಡ. ಕಲೆ ಗಟ್ಟಿಯಾದ್ಮೇಲೆ ಹೋಗಿದ್ದು ಹೋದ ಹಾಗೇ. ಉಳಿದಿರೋದನ್ನ ಉಳಿಸ್ಕೊಳ್ಳೋಣ" ಎಂದರು.

ಹೀಗೆ ಒಂದು ಕಡೆ ನನ್ನ ಉಸಿರು, ಇನ್ನೊಂದು ಕಡೆ ನನ್ನ ಹಕ್ಕಿಗಳು. ಎರಡೂ ಕಡೆಯ ವಕಾಲತ್ತು ನನ್ನದೇ. ಮನೆಯ ಗೇಟಿನ ಬಳಿ ಆಟೋದಿಂದ ಇಳಿದ ಮೇಲೆ ಹೆಂಡತಿ, "ಆಲ್ಕೊಳದ ತನಕ ಒಬ್ಬಳೇ ವಾಕಿಂಗ್ ಹೋಗೋಕೆ ನನಗೆ ಬೇಜಾರು" ಎಂದಳು. ತೀರ್ಪು ಅಷ್ಟೇ ಚಿಕ್ಕದು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಉಸ್ತಾದನಿಗೆ ಹೇಳುವುದೇ ಕಷ್ಟವಾಯಿತು. ಆತ ಲಗೇಜ್ ಆಟೋ ತಂದು, ಬುಟ್ಟಿಗಳನ್ನು ಇಳಿಸಿ, ಮೆಟ್ಟಿಲ ಮೇಲೆ ಕೂತುಬಿಟ್ಟ.

"ನನ್ನ ಕಬೂತರ್ ನಿಮ್ಮ ಎದೆ ತಿಂದ್ವಾ ಸಾಹೇಬ್ರೆ? ನಾನೇ ಮಂಚ ಹಾಕಿ ಅಂದೆ."

"ನೀನು ಹಾಕು ಅಂದೆ, ನಾನು ಮೂಗು ತಾಗಿಸಿದೆ. ಇಬ್ಬರೂ ಸಮಪಾಲು ಆರೋಪಿಗಳು. ಏಳು, ಕಾಫಿ ಕುಡಿ."

"ನೀವು ಇಷ್ಟೊತ್ತು ಇದೇ ಮೆಟ್ಟಿಲ ಹತ್ರ ನಿಂತು ಹಕ್ಕಿ ನೋಡ್ತಿದ್ದೀರಲ್ಲ, ಒಳಗೆ ಬನ್ನಿ ಮೊದ್ಲು!" ಎಂದು ಹೆಂಡತಿ ಒಳಗಿನಿಂದ ನನ್ನನ್ನು ಗದರಿದಳು. ನಾನು ಕಿಟಕಿಯ ಗಾಜಿನ ಹಿಂದೆ ನಿಂತು ಬೀಳ್ಕೊಟ್ಟೆ.

ಭದ್ರಾವತಿಯಲ್ಲಿ ಉಸ್ತಾದ್ ಹಕ್ಕಿಗಳ ರೆಕ್ಕೆಗೆ ದಾರ ಕಟ್ಟಿ, ತಿಂಗಳ ಮೇಲೆ ಗೂಡಿನಲ್ಲೇ ಇಟ್ಟು ಕಾಳು ಹಾಕಿದ. ತನ್ನ ಮನೆಯ ಕಾಳು ತಿಂದ ಹಕ್ಕಿ ಬೇರೆ ಮನೆಗೆ ಹೋಗಿದ್ದಿಲ್ಲ ಎಂಬುದು ಅವನ ಹೆಮ್ಮೆ. ಒಂದು ಬೆಳಿಗ್ಗೆ ದಾರ ಬಿಚ್ಚಿ ಹಾರಿಬಿಟ್ಟ. ಅವು ಚಿಮಣಿಯ ಕಡೆ ಒಂದು ಸುತ್ತು, ನದಿಯ ಕಡೆ ಒಂದು ಸುತ್ತು ಹೊಡೆದು ಕಣ್ಮರೆಯಾದವು. ಆತ ಕಾಯುವಷ್ಟು ಕಾದು ನಮ್ಮ ಮನೆಗೆ ಫೋನು ಮಾಡಿದ.

"ಸಾಹೇಬ್ರೆ, ನಿಮ್ಮವು ಆ ಕಡೆ ಏನಾದ್ರೂ..."

"ಬಂದಾಯ್ತು" ಎಂದೆ. "ಕಟ್ಟೆ ಮೇಲೆ ಸಾಲಾಗಿ ಕೂತಿವೆ. ನಿನ್ನ ಮೇಲೆ ದೂರು ಹೇಳ್ತಿವೆ."

ನನಗೆ ಗೇಟಿನಿಂದ ಬಾಗಿಲಿಗೆ ಬರಲು ದಮ್ಮು ಕಟ್ಟುತ್ತಿದ್ದ ದಿನಗಳವು. ಅವು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿಗಿಂತ ಮೊದಲೇ ಬಂದು, ಏನೂ ಆಗದವರಂತೆ ಗುಟುರು ಹಾಕುತ್ತಿದ್ದವು. ಒಳಗೊಳಗೆ ನನಗೆ ಹೆಮ್ಮೆಯಾಯಿತು. ಮುಖದಲ್ಲಿ ಅದು ಕಂಡಿತೇನೋ. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಗೂಡು ಹಾಗೇ ಇಟ್ಕೊಂಡು ಹಕ್ಕಿ ಕಳಿಸಿದ್ರೆ ಬರದೆ ಏನ್ ಮಾಡ್ತಾವ್ರೀ? ನಂಟರೂ ಹಾಗೇ ಬರ್ತಾರೆ."

ನಿಜ ಹೇಳಬೇಕೆಂದರೆ ಗೂಡನ್ನು ಒಡೆಸಲು ನನಗೆ ಮನಸ್ಸು ಬಂದಿರಲಿಲ್ಲ. ಬಟ್ಟೆ ಇಡಲು ಬೇಕಾದೀತು ಎಂದಿದ್ದೆ. ಹತ್ತು ವರ್ಷಕ್ಕೂ ಮೇಲೆ ಪಾರಿವಾಳ ವಾಸವಿದ್ದ ಬೀರುವಿನಲ್ಲಿ ಯಾರ ಬಟ್ಟೆ ಎಂದು ಅವಳು ಕೇಳಿದಳು. ಉಸ್ತಾದ್ ಬಂದು ಎರಡನೆಯ ಸಲ ಹಕ್ಕಿಗಳನ್ನು ಒಯ್ದ ದಿನವೇ ಗೂಡೂ, ಮಾಡೂ, ಹಗ್ಗದ ಮಂಚವೂ ಹೋದವು. ಮಹಡಿಯನ್ನು ಆಳು ಕರೆಸಿ ನೀರು ಹುಯ್ದು ತೊಳೆಸಿದಳು. ಒಣಗಿದ್ದನ್ನು ಗುಡಿಸಬಾರದೆಂದು ಡಾಕ್ಟರು ಹೇಳಿದ್ದರು. ಆ ದಿನ ನನ್ನನ್ನು ವಿದ್ಯಾನಗರದ ಮಗಳ ಮನೆಗೆ ಗಡೀಪಾರು ಮಾಡಲಾಗಿತ್ತು. ವಾಪಸ್ಸು ಬಂದಾಗ ಮನೆಯ ತಲೆ ಬೋಳಿಸಿದಂತಿತ್ತು.

ಈ ಸಲ ಉಸ್ತಾದ್ ಹೆಮ್ಮೆ ಬಿಟ್ಟು ಕ್ರಮ ಹಿಡಿದ. ಹಕ್ಕಿಗಳು ಅಲ್ಲೇ ಮೊಟ್ಟೆಯಿಟ್ಟು ಮರಿ ಮಾಡುವ ತನಕ ದಾರ ಬಿಚ್ಚುವುದಿಲ್ಲ ಎಂದ. ಮರಿಗೆ ಗುಟುಕು ಕೊಡುವ ಹಕ್ಕಿ ದೂರ ಹೋಗುವುದಿಲ್ಲ. ಅಲ್ಲಿ ಹುಟ್ಟಿದ ಮರಿಗೆ ಶಿವಮೊಗ್ಗ ಎಂಬ ಊರು ಇರುವುದೇ ಗೊತ್ತಿರುವುದಿಲ್ಲ.

ಇತ್ತ ನಾನು ಮಾತ್ರೆ ನುಂಗುತ್ತಿದ್ದೆ. ಆ ಮಾತ್ರೆಗೆ ಹಸಿವು ಹೆಚ್ಚಿ, ಮುಖ ಹುಣ್ಣಿಮೆಯ ಚಂದ್ರನಂತಾಯಿತು. "ರಿಟೈರ್ ಆದ್ಮೇಲೆ ಒಳ್ಳೆ ಕಳೆ ಬಂತು ಸಾರ್ ನಿಮಗೆ" ಎಂದು ಜನ ಅಭಿನಂದಿಸಿದರು, ವಂದನೆಗಳೊಂದಿಗೆ ಸ್ವೀಕರಿಸಿದೆ. ಕೆಮ್ಮು ಮೊದಲು ಹೋಯಿತು. ಭಾನುವಾರದ ಚಳಿ ಹೋಯಿತು. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಪಂಚೆ ಉಟ್ಟು ವಿಭೂತಿ ಹಚ್ಚುವಾಗ, ಏದುಸಿರು ಬಂದಿಲ್ಲವೆಂಬುದು ಗಮನಕ್ಕೆ ಬಂತು. ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು. ನಡಿಗೆ ಮಾತ್ರ ನಿಧಾನವಾಗಿ ಮರಳಿತು, ಪೂರ್ತಿ ಮರಳಲಿಲ್ಲ. ಕಲೆ ಕಟ್ಟಿದ್ದು ಕಟ್ಟಿದಂತೆಯೇ ಇದೆ ಎಂದು ಡಾಕ್ಟರು ಹೇಳಿದರು. ಇರಲಿ, ಅದೂ ಹಳೆಯ ಬಾಡಿಗೆದಾರ.

ದಾರ ಕಿತ್ತುಕೊಂಡ ಒಂದು ಗಂಡು ಹಕ್ಕಿ ಮಾತ್ರ ಆಗಾಗ ಬರುತ್ತಿತ್ತು. ಕಟ್ಟೆಯ ಮೇಲೆ ಕೂತು, ಗೂಡಿದ್ದ ಜಾಗದಲ್ಲಿ ನನ್ನ ಹೆಂಡತಿ ಹರವಿದ ಸಂಡಿಗೆಯನ್ನು ಪರಿಶೀಲಿಸಿ, ಕತ್ತು ಕೊಂಕಿಸಿ, ಹಾರಿಹೋಗುತ್ತಿತ್ತು. ಸ್ಥಳ ಮಹಜರಿಗೆ ಬಂದ ಅಧಿಕಾರಿಯಂತೆ. ಸಂಡಿಗೆ ಕೆಟ್ಟೀತೆಂದು ಅವಳು ಬೈಯುತ್ತಿದ್ದಳು. ಆದರೂ ಒಂದು ಮೂಲೆಯಲ್ಲಿ ಚಿಪ್ಪಿನಲ್ಲಿ ನೀರಿಟ್ಟಿರುತ್ತಿದ್ದಳು. ಕೇಳಿದರೆ ಗುಬ್ಬಿಗೆ ಎನ್ನುತ್ತಿದ್ದಳು.

ಚಳಿಗಾಲ ಕಳೆದ ಮೇಲೆ ಉಸ್ತಾದನ ಫೋನು ಬಂತು. ಮರಿಗಳು ದೊಡ್ಡವಾಗಿವೆ, ಈವತ್ತು ಎಲ್ಲವನ್ನೂ ಒಟ್ಟಿಗೆ ಬಿಡುತ್ತೇನೆ, ನೀವು ಬರಲೇಬೇಕು. ಹೆಂಡತಿ ನನ್ನ ಮೂಗಿಗೆ ಕರವಸ್ತ್ರ ಕಟ್ಟಿಸಿ ಜೊತೆಗೇ ಹೊರಟಳು. ಮಾಳಿಗೆ ಹತ್ತುವಂತಿಲ್ಲ, ಅಂಗಡಿಯ ಹತ್ತಿರವೂ ಸುಳಿಯುವಂತಿಲ್ಲ. ರಸ್ತೆಯ ಈಚೆ, ನಾನು ಹಿಂದೆ ಬಸ್ಸಿಗೆ ಕಾಯುತ್ತಿದ್ದ ಜಾಗದಲ್ಲೇ ನಿಲ್ಲಿಸಿದಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದೂ ಸೆರಗು ಹಿಡಿದು ನೋಡಿದಳು.

ಸೈರನ್ ಆಯಿತು. ಉಸ್ತಾದ್ ಗ್ರೀಸು ಒರೆಸಿಕೊಂಡು ಮೇಲೆ ಹೋದ. ಹಿಂಡು ಎದ್ದಿತು. ನನ್ನವು, ಅವನವು, ಮರಿಗಳು, ಎಲ್ಲ ಬೆರೆತು ಒಂದೇ ಆಗಿ ಚಿಮಣಿಯ ಕಡೆ ಹೋದವು. ಇನ್ನು ಶಿವಮೊಗ್ಗದ ದಿಕ್ಕಿಗೆ ತಿರುಗಿದರೆ ನಮ್ಮ ಮಹಡಿಗೇ ಬಂದಂತೆ, ನನ್ನ ಎದೆಗೇ ಬಂದಂತೆ. ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ಉಸ್ತಾದ್ ಮೇಲಿನಿಂದ ಕೂಗಿದ:

"ನೀವೇ ಕರೀರಿ ಸಾಹೇಬ್ರೆ! ನಿಮ್ಮ ಸಿಳ್ಳೆ ಗೊತ್ತು ಅವಕ್ಕೆ!"

"ಬೇಡ ರೀ" ಎಂದಳು ಹೆಂಡತಿ. ಮರುಕ್ಷಣ, "ಮೆಲ್ಲಗೆ ಹಾಕಿ" ಎಂದು ಅವಳೇ ಕರವಸ್ತ್ರ ಕೆಳಗೆ ಎಳೆದಳು.

ನಾಲಿಗೆ ಮಡಚಿದೆ. ಮೊದಲನೆಯದು ಫುಸ್ಸೆಂದಿತು. ಎರಡನೆಯದಕ್ಕೆ ಮೊದಲು ಹಳೆಯ ಗಾಳಿ ಹೊರಗೆ ಹೋಗಲೆಂದು ಡಾಕ್ಟರು ಕಲಿಸಿದಂತೆ ತುಟಿ ಸಣ್ಣ ಮಾಡಿ ನಿಧಾನವಾಗಿ ಬಿಟ್ಟೆ; ಆಮೇಲೆ ಎಳೆದುಕೊಂಡು ಹಾಕಿದೆ. ಸಿಳ್ಳೆ ಬಂತು. ಹಿಂದಿನ ದರ್ಬಾರಿನ ಸಿಳ್ಳೆಯಲ್ಲ, ತೆಳ್ಳಗಿನದು, ಕೊನೆಯಲ್ಲಿ ಸ್ವಲ್ಪ ಒಡಕು. ಆದರೂ ಬೀದಿ ದಾಟಿ ಕೇಳುವಷ್ಟಿತ್ತು. ಹಿಂಡು ತಿರುಗಿತು. ನನ್ನ ತಲೆಯ ಮೇಲೆ, ಬಹಳ ಎತ್ತರದಲ್ಲಿ, ಒಂದು ಸುತ್ತು ಹಾಕಿತು. ಆಮೇಲೆ ಉಸ್ತಾದನ ಮಾಳಿಗೆಯ ಮೇಲೆ ಒಂದೊಂದಾಗಿ ಇಳಿಯಿತು. ಸಮನ್ಸ್ ಜಾರಿಯಾಗಿತ್ತು, ಹಾಜರಾಗಬೇಕಾದ ವಿಳಾಸ ಮಾತ್ರ ಬದಲಾಗಿತ್ತು.

ಉಸ್ತಾದ್ ಮೇಲೆ ನಿಂತು ಎರಡೂ ಕೈಯೆತ್ತಿದ. ನಾನು ಈಚೆಯಿಂದ ಎತ್ತಿದೆ. ಚಹಾವನ್ನು ಆತನೇ ರಸ್ತೆ ದಾಟಿ ತಂದುಕೊಟ್ಟ, ಅದೂ ಅಂಗಿ ಬದಲಾಯಿಸಿಕೊಂಡು. ಹತ್ತಿರ ನಿಲ್ಲದೆ, ಮಾರು ದೂರದಿಂದಲೇ ಮಾತಾಡಿದ.

"ಒಡಕು ಬಂತು ಸಾಹೇಬ್ರೆ."

"ಬರಲಿ. ಬಂತಲ್ಲ."

ಅಲ್ಲೇ ಬಸ್ಸು ಹತ್ತಬಹುದಿತ್ತು, ಆದರೂ ಬಸ್ ನಿಲ್ದಾಣದ ತನಕ ನಡೆದೇ ಹೋದೆವು. ಸೇತುವೆಗೆ ಮೊದಲು ನನಗೆ ನಿಲ್ಲಬೇಕೆನಿಸಿತು. ಅಲ್ಲೊಂದು ಟೈಲರ್ ಅಂಗಡಿಯ ಬೋರ್ಡಿತ್ತು. ನಾನು ಕೈ ಹಿಂದೆ ಕಟ್ಟುವಷ್ಟರಲ್ಲಿ ಹೆಂಡತಿಯೂ ಪಕ್ಕದಲ್ಲಿ ನಿಂತು, ಕನ್ನಡಕ ಸರಿಮಾಡಿಕೊಂಡು, ಮೊದಲ ಸಾಲಿನಿಂದಲೇ ಗಟ್ಟಿಯಾಗಿ ಓದತೊಡಗಿದಳು.

"ನಿಧಾನಕ್ಕೆ ಓದು" ಎಂದೆ. "ಅವಸರವಿಲ್ಲ."